ಇವತ್ತು ಮಾಲು ಇಲ್ಲ ಎಂದವರು

ಚುನಾವಣೆ ಬಂದಿದೆ, ಬಂದೂಕು ಠಾಣೆಗೆ ಒಪ್ಪಿಸಬೇಕು ಎಂದು ಹೋದ ವಾರ ಅದಕ್ಕೆ ಸುತ್ತಿಟ್ಟಿದ್ದ ಹಳೆಯ ಧೋತರ ಬಿಚ್ಚಿದೆ. ನಳಿಗೆಯ ಎಣ್ಣೆಯ ವಾಸನೆ ಬಂತು. ಗೋಳಗುಮ್ಮಟದ ಹತ್ತಿರದ ಸಣ್ಣ ಬಂದೂಕಿನ ಅಂಗಡಿಯೊಂದರಲ್ಲಿ ಸದಾ ಇರುತ್ತಿದ್ದ ವಾಸನೆ ಅದು...

ಬೆಳೆಗೆ ಬೀಳುವ ಕಾಡುಹಂದಿಗಳನ್ನು ಬೆದರಿಸಲೆಂದು ನನಗೆ ಬಂದೂಕಿನ ಲೈಸೆನ್ಸ್ ಇದೆ. ಗುಂಡು ಬೇಕಾದರೆ ಬಿಜ್ಜರಗಿಯಿಂದ ಬಸ್ಸು ಹತ್ತಿ ಆ ಅಂಗಡಿಗೆ ಹೋಗುತ್ತಿದ್ದೆ. ಲೈಸೆನ್ಸ್ ನೋಡಿ, ಪುಸ್ತಕದಲ್ಲಿ ಬರೆದು ಸಹಿ ಪಡೆಯುವುದು ಸರಕಾರದ ನಿಯಮ. ಎದುರಿಗೆ ಕೂಡಿಸಿ, ಚಹಾ ತರಿಸಿ, ಸಾವಕಾಶವಾಗಿ ಮಾತಾಡಿಸುವುದು ಅಂಗಡಿಯವರದೇ ನಿಯಮ. ಅವಸರ ಮಾಡಿದವರಿಗೆ ಇನ್ನೊಂದು ಕಪ್ಪು ಬರುತ್ತಿತ್ತು.

ಒಂದು ವರ್ಷ ನನ್ನ ತಮ್ಮ ನಮ್ಮಿಬ್ಬರ ಹೊಲದ ನಡುವಿನ ಬದುವನ್ನು ಟ್ರ್ಯಾಕ್ಟರ್ ಹೊಡೆಸಿ ಒಡೆದ. ಮರುದಿನ ಮೊದಲ ಬಸ್ಸಿಗೇ ಹೋಗಿ ಗುಂಡು ಕೇಳಿದೆ. ಹಂದಿಗಳು ಯಾವ ಕಡೆಯಿಂದ ಬರುತ್ತವೆ ಎಂದು ಅಂಗಡಿಯವರು ಕೇಳಿದರು. ತಮ್ಮನ ಹೊಲದ ಕಡೆಯಿಂದ ಎಂದೆ. ಎಷ್ಟು ಬರುತ್ತವೆ ಎಂದರು. ಒಂದೇ ಎಂದೆ.

ಅವರು ಲೈಸೆನ್ಸ್ ಮಡಚಿ ನನ್ನ ಕೈಗಿಟ್ಟರು. "ಇವತ್ತ ಮಾಲ ಇಲ್ರಿ."

"ನಿಮ್ಮ ಹಿಂದ ಕಪಾಟಿನ್ಯಾಗ ಕಾಣಾಕತ್ತಾವಲ್ರಿ," ಎಂದೆ.

ಅವರು ತಿರುಗಿ ನೋಡಲಿಲ್ಲ. "ನಿಮಗ ಕಾಣತಾವ, ನನಗ ಕಾಣವಲ್ವು. ತಮ್ಮನ್ನ ಕರಕೊಂಡ ಬರ್ರಿ, ಮೂರೂ ಮಂದಿ ಹುಡುಕೋಣಂತ."

ಮರಳುವ ಬಸ್ಸು ಟಿಕೋಟಾ ದಾಟುವವರೆಗೂ ಅವರನ್ನು ಮನಸ್ಸಿನಲ್ಲೇ ಬೈದೆ. ಆ ಸಂಜೆ ತಮ್ಮ ಒಡೆದ ಬದುವಿನ ಮೇಲೆ ನಿಂತು, ಸತ್ತ ಅಪ್ಪನ ಹೆಸರೆತ್ತಿ ಬೈದ. ನಾನೂ ಬೈದೆ. ನನ್ನ ಹತ್ತಿರ ಬೈಗುಳ ಬಿಟ್ಟು ಬೇರೇನೂ ಇರಲಿಲ್ಲ. ಗಂಟಲು ಕಟ್ಟಿದ ಮೇಲೆ ಇಬ್ಬರೂ ಮನೆಗೆ ಹೋದೆವು. ಮಾತು ಕೂಡಲು ಎರಡು ಸುಗ್ಗಿ ಹಿಡಿಯಿತು...

ಆಮೇಲೂ ಎಷ್ಟೋ ಸಲ ಆ ಅಂಗಡಿಗೆ ಹೋದೆ. ಅವರು ಆ ದಿನದ ಮಾತು ತೆಗೆಯಲಿಲ್ಲ. ಈ ಸಲ ನಿಜ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ, ಚಹಾ ಕುಡಿದು ಎದ್ದು ಬರುತ್ತಿದ್ದೆ. ಒಂದು ದಿನ ಬಾಗಿಲಿಗೆ ಬೀಗ ಇತ್ತು. ಅವರು ತೀರಿಕೊಂಡು ತಿಂಗಳಾಯಿತು ಎಂದು ಪಕ್ಕದ ಬಳೆ ಅಂಗಡಿಯಾಕೆ ಹೇಳಿದಳು.

ಈಗ ಬೇರೆ ಅಂಗಡಿಗೆ ಹೋಗುತ್ತೇನೆ. ಕಾಗದವನ್ನೆಲ್ಲ ಕಂಪ್ಯೂಟರಿನಲ್ಲಿ ಸರಿಯಾಗಿ ನೋಡುತ್ತಾರೆ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಹಂದಿಯ ಸುದ್ದಿ ಯಾರೂ ಕೇಳುವುದಿಲ್ಲ.

ಮುಂದಿನ ತಿಂಗಳು ತಮ್ಮನ ಮಗಳ ಮದುವೆ. ಮೊನ್ನೆ ನಾವಿಬ್ಬರೂ ಕೂಡಿ ವಿಜಯಪುರದಲ್ಲಿ ಲಗ್ನಪತ್ರಿಕೆ ಹಂಚಿ ಬಂದೆವು. ಅಂದು ಗುಂಡು ಯಾಕೆ ಕೇಳಿದ್ದೆ ಎಂದು ಅಂಗಡಿಯವರಿಗೆ ನಾನು ಹೇಳಲಿಲ್ಲ. ತಮ್ಮನಿಗೂ ಇನ್ನೂ ಹೇಳಿಲ್ಲ.