ತೊಟ್ಟಿಲಲ್ಲಿ ಗುಂಡುಕಲ್ಲು, ಹೆಗಲ ಮೇಲೆ ಮಗು

ಮಕ್ಕಳೇ, ನಿಮ್ಮಲ್ಲಿ ದೊಡ್ಡವನಿಗೆ ಹೆಸರಿಟ್ಟ ದಿನದ ಫೋಟೋ ನೋಡಿ ನೀವು ನಗುತ್ತೀರಿ. ತೊಟ್ಟಿಲಲ್ಲಿ ಬರೀ ಗುಂಡುಕಲ್ಲಿದೆ, ಮಗು ಎಲ್ಲಿ ಎಂದು ಕೇಳುತ್ತೀರಿ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಊರಿನ ಶಾಲೆಯಲ್ಲೂ ಮೇಷ್ಟ್ರು ಮಗ್ಗಿ ಕೇಳಿದರೆ ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದವಳು ನಾನು. ಅದಕ್ಕೇ ಇದನ್ನೂ ಬರೆಯುತ್ತಿದ್ದೇನೆ.

ಆಗ ನಿಮ್ಮ ಅಪ್ಪ ಅಮ್ಮ ಕತ್ರಿಗುಪ್ಪೆಯ ಬಾಡಿಗೆ ಮನೆಯಲ್ಲಿದ್ದರು. ಮಗಳ ಬಾಣಂತನಕ್ಕೆ ನಾನು ಅಲ್ಲಿಗೇ ಬಂದಿದ್ದೆ. ಎಲ್ಲ ಮಕ್ಕಳೂ ಹಾಲು ಕಕ್ಕುತ್ತವೆ. ಆದರೆ ಇವನು ಕಕ್ಕಿದ ಮೇಲೆ ಬೆನ್ನು ಹಿಂದಕ್ಕೆ ಸೆಟೆದುಕೊಂಡು, ಗಂಟಲಿಗೆ ಖಾರ ಬಿದ್ದವರ ಹಾಗೆ ಕಿರುಚುತ್ತಿದ್ದ. ಹಸಿದು ಮೊಲೆಗೆ ಬಾಯಿ ಹಾಕುವನು, ಎರಡು ಗುಟುಕಿಗೇ ಅತ್ತು ಬಿಡುವನು. ಜಯನಗರದ ಡಾಕ್ಟರು ಇದು ಆಸಿಡ್ ರಿಫ್ಲಕ್ಸ್ ಎಂದರು. "ಹೊಟ್ಟೇಲಿರೋ ಹುಳಿ ಮೇಲಕ್ಕೆ ಬಂದು ಉರಿಯತ್ತೆ. ಬೆಳೀತಾ ಸರಿಹೋಗತ್ತೆ. ಹಾಲು ಕುಡಿಸಿದ್ಮೇಲೆ ಅರ್ಧ ಗಂಟೆ ಮಲಗಿಸ್ಬೇಡಿ, ನೆಟ್ಟಗೆ ಎತ್ಕೊಂಡಿರಿ. ತಾಯಿ ಹಾಲಿನ ತಪ್ಪೇನಿಲ್ಲ."

ಆ ಕೊನೆಯ ಮಾತು ಯಾರ ಕಿವಿಗೂ ಹೋಗಲಿಲ್ಲ. ಬಂದವರೆಲ್ಲ ಬಾಣಂತಿಯನ್ನು ಮೊದಲು ಕೇಳುವುದೇ "ಏನು ತಿಂದೆ?" ಎಂದು. ಬೇಳೆ ಬೇಡ ಎಂದರು ಒಬ್ಬರು, ಬೆಳ್ಳುಳ್ಳಿ ಬೇಡ ಎಂದರು ಇನ್ನೊಬ್ಬರು. ನನ್ನ ಮಗಳು ಒಂದೊಂದೇ ಬಿಡುತ್ತಾ ಕೊನೆಗೆ ಅನ್ನ, ಮೆಣಸಿನ ಸಾರಿಗೆ ಬಂದು ನಿಂತಿದ್ದಳು. ಅಳಿಯ ಸಿದ್ದಾಪುರದ ತನ್ನ ಗಿಡದ ಅಂಗಡಿಯಿಂದ ಬಂದವನೇ ಕೈ ತೊಳೆದು ಮಗುವನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಒಂದು ಸಂಜೆ ನಿಂತಲ್ಲೇ ತೂಕಡಿಸಿ, ಮಗುವಿನ ಸಮೇತ ಗೋಡೆಗುಂಟ ಜಾರಿ ಕೂತುಬಿಟ್ಟ. ಆಮೇಲೆ ಅವನ ಕೈಗೆ ಕೊಡಲೂ ನನಗೆ ಭಯ.

ನಾಮಕರಣದ ಹಿಂದಿನ ದಿನ ಬಟ್ಟೆ ಮಡಚುತ್ತಾ ಮಗಳು, ದನಿ ಸ್ವಲ್ಪವೂ ಏರಿಸದೆ, "ಅಮ್ಮ, ಇವನನ್ನ ಯಾರಿಗಾದ್ರೂ ಕೊಟ್ಬಿಡೋಣ. ನನ್ನ ಹತ್ರ ಇದ್ರೆ ಇವನು ಬದುಕಲ್ಲ" ಎಂದಳು.

ಅಲ್ಲಿಯವರೆಗೆ ನನಗೆ ಮಗುವಿನ ಹೊಟ್ಟೆಯದೇ ಚಿಂತೆ. ಕೈತಪ್ಪಿ ಹೋಗುತ್ತಿರುವವಳು ನನ್ನ ಮಗಳು ಎಂದು ಆಗ ತಿಳಿಯಿತು.

"ನಾಳೆ ಅಷ್ಟು ಜನರ ಮುಂದೆ ಇವನು ಕಿರುಚಿದ್ರೆ ನನ್ ಕೈಲಾಗಲ್ಲಮ್ಮ. ಮಲಗ್ಸೋಕೆ ಬಿಡಬೇಡ."

"ಬಿಡಲ್ಲ" ಎಂದೆ. ಹೇಗೆಂದು ನನಗೇ ಗೊತ್ತಿರಲಿಲ್ಲ. ಯಜಮಾನರು ಹೋದ ಮೇಲೆ ಇಂಥ ಶಾಸ್ತ್ರಗಳಲ್ಲಿ ನಾನು ಅಡುಗೆಮನೆಯ ಹೊಸ್ತಿಲು ದಾಟಿದವಳಲ್ಲ. ಯಾರೂ ತಡೆಯದಿದ್ದರೂ ನಾನೇ ಒಳಗೆ ನಿಲ್ಲುತ್ತಿದ್ದೆ.

ಮರುದಿನ ನಿಮ್ಮ ಅಪ್ಪನ ತಾಯಿ, ನನ್ನ ಬೀಗಿತ್ತಿ, ಗುಂಡುಕಲ್ಲನ್ನು ಬುಟ್ಟಿಯಲ್ಲಿಟ್ಟು ತಂದರು. "ಈ ಮನೇಲಿ ಮಿಕ್ಸಿ ಬಿಟ್ರೆ ಇನ್ನೇನಿದೆ? ಮಿಕ್ಸಿ ಜಾರನ್ನ ತೊಟ್ಟಿಲಿಗೆ ಹಾಕೋಕಾಗತ್ತಾ?" ಎಲ್ಲರೂ ನಕ್ಕರು. ಮಗು ಕಲ್ಲಿನಂತೆ ಗಟ್ಟಿಯಾಗಿರಲಿ ಎಂದು ಮೊದಲು ಕಲ್ಲನ್ನು ಮಲಗಿಸುವುದು ಪದ್ಧತಿ. ಅರಿಶಿನ ಕುಂಕುಮ ಹಚ್ಚಿ, ಕುಲಾವಿ ತೊಡಿಸಿ ತೂಗಿದರು.

ಅದೇ ಹೊತ್ತಿಗೆ ಮಗು ಒಳಗೆ ಹಾಲು ಕುಡಿದು ನನ್ನ ಹೆಗಲಿಗೆ ಬಂದಿತ್ತು. "ಮಗೂನ ತನ್ನಿ, ಹೊತ್ತು ಮೀರತ್ತೆ" ಎಂದು ಕೂಗಿದರು. ಮಗಳು ನನ್ನ ಮುಖ ನೋಡಿದಳು.

ಸೆರಗು ಹೊದ್ದು, ಅವನನ್ನು ಎತ್ತಿಕೊಂಡೇ ಹೊರಗೆ ಬಂದೆ. ಮುತ್ತೈದೆಯರ ಮಾತು ನಿಂತಿತು.

"ಈಗ ತಾನೆ ಕುಡಿದಿದ್ದಾನೆ. ಮಲಗ್ಸೋದು ಬೇಡ."

"ಏನಂದ್ರಿ?" ಎಂದರು ಬೀಗಿತ್ತಿ. ನಿಜವಾಗಿಯೂ ಅವರಿಗೆ ಕೇಳಿಸಿರಲಿಲ್ಲ.

"ಕಲ್ಲಿದೆಯಲ್ಲ, ಅದನ್ನೇ ತೂಗಿ. ಹೆಸರು ಇವನ ಕಿವೀಲಿ ಇಲ್ಲೇ ಹೇಳಿ."

"ಚೆನ್ನಾಗಿದೆ. ಮೊಮ್ಮಗ ನಿಮಗೆ, ಕಲ್ಲು ನಮಗಾ?"

ಯಾರೋ ಕಿಸಕ್ಕೆಂದರು. ಅಳಿಯ ಬಂದು ಪಕ್ಕದಲ್ಲಿ ನಿಂತ. "ಡಾಕ್ಟ್ರು ಹೇಳಿರೋದಮ್ಮ. ಹೇಳ್ಬಿಡು ಹೆಸರು."

ಅವರು ಮಗನ ಗುಳಿಬಿದ್ದ ಕಣ್ಣುಗಳನ್ನು ನೋಡಿದರು. ಅವನಿಗೆ ಅಕ್ಕತಂಗಿಯರಿಲ್ಲದ ಕಾರಣ ಸೋದರತ್ತೆಯ ಬದಲು ಹೆಸರು ಹೇಳಬೇಕಾದವರೂ ಅವರೇ. ನನ್ನ ಹೆಗಲ ಮೇಲೆ ಬಗ್ಗಿ ಹೇಳುತ್ತಿದ್ದಂತೆಯೇ ಮಗು ಅವರ ರೇಷ್ಮೆ ಸೀರೆಯ ಮೇಲೆ ಕಕ್ಕಿ, ಬೆನ್ನು ಸೆಟೆಸಿ ಕಿರುಚಲು ಶುರುಮಾಡಿತು. ನೆಟ್ಟಗೆ ಹಿಡಿದರೂ ಕೆಲವೊಮ್ಮೆ ಹಾಗಾಗುತ್ತಿತ್ತು. ಆ ಕಿರುಚಾಟವನ್ನು ಅವರು ಅಷ್ಟು ಹತ್ತಿರದಿಂದ ಕೇಳಿದ್ದು ಅದೇ ಮೊದಲು.

"ದಿನಾ ಹಿಂಗೇನಾ?"

"ದಿನಾ" ಎಂದೆ.

ಸೀರೆಯನ್ನೂ ಒರೆಸಿಕೊಳ್ಳದೆ ಸೊಸೆಯ ಕಡೆ ತಿರುಗಿದರು. "ನೀನು ಹೋಗಿ ಮಲಕ್ಕೋ. ನಾವಿಬ್ರೂ ನೋಡ್ಕೋತೀವಿ."

ಪಂಕ್ತಿ ಎದ್ದು, ನೆಂಟರೆಲ್ಲ ಹೊರಡುವವರೆಗೂ ಮಗಳು ಮಲಗಿದ್ದಳು. ಎದ್ದು ಬಂದಾಗ ಬೀಗಿತ್ತಿ ಮಗುವನ್ನು ಹೆಗಲಿಗೇರಿಸಿ ವರಾಂಡದಲ್ಲಿ ಓಡಾಡುತ್ತಿದ್ದರು. ಅವನು ಅಳುತ್ತಲೇ ಇದ್ದ. ಇನ್ನೂ ಎಷ್ಟೋ ತಿಂಗಳು ಅತ್ತ.

"ಊಟಕ್ಕೇನಿದೆ?" ಎಂದಳು ಮಗಳು.

"ನಿನಗೆ ಸಾರು ಮಾಡಿಟ್ಟಿದೀನಿ. ಅವರಿಗೆಲ್ಲ ಹುಳಿ, ಒಬ್ಬಟ್ಟು."

"ನನಗೂ ಎಲ್ಲ ಹಾಕು."

ನಾನು ಬಡಿಸಿದೆ. ಅವಳು ಕಣ್ಣು ಒರೆಸಿಕೊಳ್ಳುತ್ತಾ, ಒಂದು ಕಿವಿ ವರಾಂಡದ ಕಡೆಗಿಟ್ಟು, ಎರಡು ಒಬ್ಬಟ್ಟು ತಿಂದಳು.