ಎರಡನೆಯ ಪರಿಶೀಲಕ

ಕಳೆದ ವಾರ ಕುಮಟೆಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಮೊಬೈಲಿಗೆ ಒಂದು ಇ-ಮೇಲ್ ಬಂತು. ಜಾಗತಿಕ ಇತಿಹಾಸದ ಹೊರದೇಶದ ಪತ್ರಿಕೆಯೊಂದು, ‘ಈ ಲೇಖನ ಓದಿ ಅಭಿಪ್ರಾಯ ಕೊಡಬಲ್ಲಿರಾ?’ ಎಂದು ಕೇಳಿತ್ತು. ಈ ಪತ್ರಿಕೆಗಳ ಪದ್ಧತಿ ನಿಮಗೆ ಗೊತ್ತಿರಲಿಕ್ಕಿಲ್ಲ. ಬಂದ ಲೇಖನದಿಂದ ಬರೆದವರ ಹೆಸರು ತೆಗೆದು ಇಬ್ಬರು ಪರಿಶೀಲಕರಿಗೆ ಕಳಿಸುತ್ತಾರೆ. ಬರೆದವರು ಯಾರೆಂದು ಓದುವವನಿಗೆ ತಿಳಿಯಬಾರದು, ಓದಿದವನು ಯಾರೆಂದು ಬರೆದವರಿಗೂ ತಿಳಿಯಬಾರದು. ಪರಿಶೀಲಕ ಕತ್ತಲಲ್ಲಿ ಕೂತು ಮಾತಾಡಬಹುದು.

ನನ್ನಂಥವನನ್ನು ಏಕೆ ಕೇಳುತ್ತಾರೆಂದರೆ, ಬಹಳ ವರ್ಷಗಳ ಹಿಂದೆ ಕರಾವಳಿಯ ಮೆಣಸಿನ ವ್ಯಾಪಾರದ ಮೇಲೆ ನನ್ನದೊಂದು ಲೇಖನ ಅಲ್ಲಿ ಅಚ್ಚಾಗಿತ್ತು. ಒಂದೇ ಒಂದು. ಅದರ ಬಲದ ಮೇಲೆ ನಾನು ಇಂದಿಗೂ ತಜ್ಞ. ಮೊದಲ ಪುಟದಲ್ಲಿ ನನ್ನ ಹೆಸರು ನೋಡಿ ನನ್ನ ಹೆಂಡತಿ ಸಮಾಧಾನಪಟ್ಟು ಮಡಚಿಟ್ಟಳು. ಕೊನೆಯ ಅಡಿಟಿಪ್ಪಣಿಯವರೆಗೆ ಓದಿದವರು ಈ ಊರಿನಲ್ಲಿ ಒಬ್ಬರೇ, ನಮ್ಮ ಗ್ರಂಥಪಾಲಕಿಯಾಗಿದ್ದ ವತ್ಸಲಾ ಮೇಡಂ.

ಅವರು ಅಘನಾಶಿನಿ ಹೊಳೆಯ ದಡದ ಮಿರ್ಜಾನದವರು, ಒಂದು ಕಾಲಕ್ಕೆ ಮೆಣಸಿನ ಹಡಗುಗಳು ಬರುತ್ತಿದ್ದ ಊರು. ದಿನವೂ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟಮೇಲೆ ಗ್ರಂಥಾಲಯದಲ್ಲಿ ನಾವಿಬ್ಬರೇ ಕೂತು ಯಾವ ಹಡಗು ಎಲ್ಲಿಗೆ ಹೋಯಿತು ಎಂದು ಮಾತಾಡುತ್ತಿದ್ದೆವು. ದೊಡ್ಡ ಪತ್ರಿಕೆಗಳ ಲೇಖನಗಳಿಗೆಲ್ಲ ಬೀಗ. ಚಂದಾ ಕಟ್ಟಲಾಗದ ನಮ್ಮಂಥ ಕಾಲೇಜಿಗೆ ತೆರೆಯುವುದಿಲ್ಲ. ಮೇಡಂ ನೇರವಾಗಿ ಬರೆದವರಿಗೇ ಪತ್ರ ಹಾಕಿ ತರಿಸುತ್ತಿದ್ದರು. “ಕೇಳಿದ್ರೆ ಇಲ್ಲ ಅನ್ನೂದಿಲ್ಲ ಸರ್. ಅವ್ರಿಗೂ ಓದೋವ್ರು ಬೇಕಲ್ದಾ,” ಎನ್ನುತ್ತಿದ್ದರು.

ಒಂದು ಶನಿವಾರ ಅವರು ಕೇಳಿದರು: “ಎಲ್ಲಾ ಪುಸ್ತಕದಲ್ಲೂ ಬರೀ ಮೆಣಸು. ಹಡಗಿನವ್ರು ಹೊಟ್ಟೆಗೆ ಎಂತ ತಿಂದ್ರು? ಮೆಣಸು ತಿಂದ್ರೆ ಹೊಟ್ಟೆ ತುಂಬ್ತದಾ?”

ನಾನು ನಕ್ಕೆ. ಅವರು ನಗಲಿಲ್ಲ. ಅಘನಾಶಿನಿಯ ದಡದ ಗಜನಿ ಗದ್ದೆಗಳಲ್ಲಿ ಉಪ್ಪುನೀರು ನುಗ್ಗಿದರೂ ಸಾಯದ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಆ ಅಕ್ಕಿ ಹಡಗು ಹತ್ತುತ್ತಿತ್ತೇ ಎಂಬುದು ಅವರ ಪ್ರಶ್ನೆ. ಮುಂದಿನ ಎರಡು ವರ್ಷ ಅಚ್ಚಾದ ಹಳೆಯ ಪತ್ರಸಂಗ್ರಹಗಳನ್ನು ಜಾಲಾಡಿದರು. ಗದ್ದೆಯ ಮುದುಕಿಯರ ಜೊತೆ ಕೂತರು. ನನಗೆ ಆಗಾಗ ಒಂದೆರಡು ತುಣುಕು ಹೇಳುತ್ತಿದ್ದರು, ಅಷ್ಟೇ. ಬರೆಯುತ್ತಿದ್ದಾರೆಂದು ನನಗೆ ಗೊತ್ತಿರಲಿಲ್ಲ.

ಆಮೇಲೊಂದು ದಿನ ಆ ಪತ್ರಿಕೆಯಿಂದ ಹೆಸರಿಲ್ಲದ ಲೇಖನವೊಂದು ನನ್ನ ಬಳಿಗೇ ಬಂತು. ಮೂರನೆಯ ಪ್ಯಾರಾದಲ್ಲಿ ಕಗ್ಗ ಇತ್ತು. ಬರೆದವರು ನನಗೆ ಪರಿಚಿತರು ಎಂದು ಸಂಪಾದಕರಿಗೆ ತಿಳಿಸಿ ವಾಪಸು ಕಳಿಸುವುದು ನಿಯಮ. ನಾನು ಕಳಿಸಲಿಲ್ಲ. ಅವರ ಒಳ್ಳೆಯದಕ್ಕೇ ಇಟ್ಟುಕೊಂಡೆ ಎಂದು ಆಗ ನಂಬಿದ್ದೆ. ಆದರೆ ಓದುತ್ತ ಹೋದಂತೆ ನನ್ನ ಮೆಣಸು ಸಣ್ಣದಾಗುತ್ತ ಬಂತು. ಇಂಗ್ಲಿಷು ಅಲ್ಲಲ್ಲಿ ಎಡವಿತ್ತು, ಮಾತು ಮಾತ್ರ ಗಟ್ಟಿಯಿತ್ತು. ಕೊನೆಗೆ ನಾನು ಹೀಗೆ ಬರೆದೆ: ‘ಒಂದು ಹೊಳೆಯ ದಡದ ಅಕ್ಕಿಗೂ ಜಗತ್ತಿನ ಇತಿಹಾಸಕ್ಕೂ ಏನು ಸಂಬಂಧವೆಂದು ಲೇಖಕರು ತೋರಿಸಿಲ್ಲ. ವಿಷಯ ತೀರ ಸ್ಥಳೀಯ.’

ತಿಂಗಳಾದ ಮೇಲೆ ಮೇಡಂ ಪತ್ರಿಕೆಯ ಉತ್ತರದ ಪ್ರಿಂಟ್ ಹಿಡಿದು ಸ್ಟಾಫ್ ರೂಮಿಗೆ ಬಂದರು. ನಿಮಗೆ ಹೇಳದೇ ಕಳಿಸಿದ್ದೆ, ಅಚ್ಚಾದ ಮೇಲೆ ತೋರಿಸುವ ಅಂತಿದ್ದೆ ಎಂದರು. ನಾನು ಚಾ ತರಿಸಿದೆ. ಮೊದಲನೆಯ ಪರಿಶೀಲಕ ತಿದ್ದಿ ಪ್ರಕಟಿಸಬಹುದು ಎಂದಿದ್ದ. ಎರಡನೆಯವನ ಮಾತಿನಿಂದ ಲೇಖನ ತಿರಸ್ಕೃತವಾಗಿತ್ತು. ನನ್ನ ವಾಕ್ಯದ ಕೆಳಗೆ ಬೆರಳಿಟ್ಟು, “ಇದ್ರ ಅರ್ಥ ಎಂತ ಸರ್?” ಎಂದು ಕೇಳಿದರು. ನಾನು ವಿವರಿಸಿದೆ. ಕ್ಲಾಸಿನಲ್ಲಿ ವಿವರಿಸುವ ಹಾಗೆ, ಉದಾಹರಣೆ ಕೊಟ್ಟು.

“ಇವ್ರು ಮಿರ್ಜಾನ ನೋಡಿದವ್ರಲ್ಲ, ಅಲ್ದಾ?”

“ಇರಲಿಕ್ಕಿಲ್ಲ,” ಎಂದೆ.

“ಹಂಗಾರೆ ಅವ್ರ ತಪ್ಪಿಲ್ಲ ಬಿಡಿ,” ಎಂದು ಹಾಳೆ ಮಡಚಿದರು.

ಅವರು ಮತ್ತೆ ಬರೆಯಲಿಲ್ಲ. ಮರುವರ್ಷ ಸ್ವಯಂನಿವೃತ್ತಿ ಪಡೆದು ಮುರ್ಡೇಶ್ವರಕ್ಕೆ, ತಂಗಿಯ ಲಾಡ್ಜ್ ನೋಡಿಕೊಳ್ಳಲು ಹೋದರು. ಶನಿವಾರ ಮಧ್ಯಾಹ್ನ ನಾನೀಗ ಹೊನ್ನಾವರದ ಮನೆಗೆ ಬೇಗ ಬರುತ್ತೇನೆ. ಹೆಂಡತಿಗೆ ಸಂತೋಷ. ಆದರೆ ನೋಡಿ, ಹಳೆಯ ಪತ್ರವೊಂದರಲ್ಲಿ ಭಟ್ಕಳದ ಹೆಸರು ಕಂಡಾಗ ಫೋನ್ ಎತ್ತುತ್ತೇನೆ, ಯಾರಿಗೆ ಹೇಳುವುದು ಎಂದು ಹೊಳೆಯದೆ ಕೆಳಗಿಡುತ್ತೇನೆ. ಇಡೀ ತಾಲೂಕಿನಲ್ಲಿ ನನ್ನ ಮಾತು ತಿಳಿಯುವ ಒಬ್ಬರಿದ್ದರು. ಅವರನ್ನು ಸುಮ್ಮನಾಗಿಸಿದವನು ನಾನು.

ಕಳೆದ ವಾರದ ಆ ಇ-ಮೇಲಿಗೆ ಒಪ್ಪಿಗೆ ಒತ್ತಲು ಕೈ ಬರಲಿಲ್ಲ. ಭಾನುವಾರ ರೈಲು ಹತ್ತಿ ಮುರ್ಡೇಶ್ವರಕ್ಕೆ ಹೋದೆ. ಮೇಡಂ ಕೌಂಟರಿನಲ್ಲಿ ಪ್ರವಾಸಿಗಳ ಆಧಾರ್ ಪ್ರತಿ ನೋಡಿ ರಿಜಿಸ್ಟರಿನಲ್ಲಿ ಹೆಸರು ಬರೆಯುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. “ಅರೆ, ಸರ್. ಬನ್ನಿ ಬನ್ನಿ,” ಎಂದರು.

ನಿಂತಲ್ಲೇ ಹೇಳಿಬಿಟ್ಟೆ. “ಆ ಎರಡನೆಯ ಪರಿಶೀಲಕ ನಾನೇ, ಮೇಡಂ.”

ಅವರು ಒಂದು ಕುಟುಂಬಕ್ಕೆ ಬೀಗದ ಕೈ ಕೊಟ್ಟು, ಮೆಟ್ಟಿಲು ತೋರಿಸಿ, ಆಮೇಲೆ ನನ್ನ ಕಡೆ ತಿರುಗಿದರು. “ಲೇಖನ ನಂದೇ ಹೇಳಿ ಗೊತ್ತಿತ್ತಾ?”

“ಗೊತ್ತಿತ್ತು.”

ಪೆನ್ನಿನ ಮುಚ್ಚಳ ಹಾಕಿದರು. “ಆ ದಿನ ನೀವು ಚಾ ತರಿಸಿದ್ರಿ. ನಾನು ಅದ್ನ ಒಳ್ಳೇ ನೆನಪು ಹೇಳಿ ಇಟ್ಕಂಡಿದ್ದೆ.”

ರಿಜಿಸ್ಟರಿನ ಹಾಳೆ ತಿರುವಿ ಅವರೇ ಮುಂದುವರಿಸಿದರು. “ಹಳೇ ಕಂಪ್ಯೂಟರ್ ಹಾಳಾಗಿ ಎಲ್ಲಾ ಹೋತು. ನನ್ನ ಹತ್ರ ಒಂದು ಪುಟನೂ ಇಲ್ಲ. ನಿಮ್ಮ ಹತ್ರ ಇದ್ಯಾ?”

“ಇದೆ.”

“ಕಳ್ಸಿ,” ಎಂದು ಮುಂದಿನವರ ಆಧಾರ್ ಕೇಳಿದರು.

ಸಂಜೆಯೇ ನನ್ನ ಕಂಪ್ಯೂಟರಿನಲ್ಲಿ ಹುಡುಕಿ ತೆಗೆದೆ. ಅಂಚಿನ ತುಂಬ ನನ್ನ ಟಿಪ್ಪಣಿಗಳಿದ್ದವು, ಕೆಲವು ಸಣ್ಣತನದವು. ಅಳಿಸಿ ಶುಭ್ರ ಪ್ರತಿ ಕಳಿಸೋಣವೆಂದು ಒಂದೆರಡು ಅಳಿಸಿಯೂ ಅಳಿಸಿದೆ, ಮತ್ತೆ ಹಾಗೇ ತಂದಿಟ್ಟೆ. ಕೊನೆಯ ಪುಟದಲ್ಲಿ, ನನ್ನ ತೀರ್ಪಿನ ಕೆಳಗೆ, ನನ್ನ ಪೂರ್ತಿ ಹೆಸರು ಬರೆದು ಕಳಿಸಿದೆ.

ನಾಲ್ಕು ದಿನವಾಯಿತು. ‘ಬಂತು’ ಎಂಬ ಮಾತೂ ಬಂದಿಲ್ಲ. ಬರಲೇಬೇಕೆಂದು ಕೇಳುವ ಹಕ್ಕು ನನಗಿಲ್ಲ. ಪತ್ರಿಕೆಯವರಿಗೆ ನಿನ್ನೆ ಕೊನೆಗೂ ಒಪ್ಪಿಗೆ ಕಳಿಸಿದೆ. ಎಲ್ಲಿಯೋ ಯಾರೋ ಬರೆದ ಹೊಸ ಲೇಖನ ಈಗ ಎದುರಿಗಿದೆ. ಬರೆದವರು ಮೇಜಿನ ಆಚೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದಾರೆ ಎಂದುಕೊಂಡು, ನಿಧಾನವಾಗಿ ಓದುತ್ತಿದ್ದೇನೆ.