ಕುಲಾಯಿ ಹಾಕಿದ ಕಲ್ಲುಗಳು

ಎಂಬತ್ತರ ದಶಕದ ಮೊದಲಲ್ಲಿ ನಾನು ಆರು ತಿಂಗಳು ಜಪಾನಿನಲ್ಲಿದ್ದೆ ಅಂದರೆ ಕೊಟ್ಟೂರಿನ ನನ್ನ ತವರಿನವರು ಈಗಲೂ ನಗುತ್ತಾರೆ. ನಮ್ಮ ಮನೆಯವರು ಅದಿರಿನ ಗಣಿಯಲ್ಲಿ ಎಂಜಿನಿಯರು. ಹೊಸ ಮಷೀನಿನ ಕೆಲಸ ಕಲಿತು ಬರಲಿ ಎಂದು ಕಂಪನಿಯವರು ಅವರನ್ನು ಕಳಿಸಿದರು, ಜೊತೆಗೆ ನನ್ನನ್ನೂ.

ಅವರು ಬೆಳಿಗ್ಗೆ ಹೋದರೆ ಬರುತ್ತಿದ್ದುದು ಸಂಜೆಗೇ. ಅಲ್ಲಿತನಕ ಆರು ಚಾಪೆ ಹಾಸುವಷ್ಟು ಕೋಣೆಯಲ್ಲಿ ನಾನೊಬ್ಬಳೇ. ಲಿಂಗಪೂಜೆ ಮುಗಿಸಿ ರೊಟ್ಟಿ ಬಡಿಯಲಿಕ್ಕೆ ಕೂತರೆ, ಕೆಳಗಿನ ಮನೆಯವರು ಗೋಡೆ ಬಿತ್ತೇನೋ ಎಂದು ಹೊರಗೆ ಬಂದು ನೋಡುತ್ತಿದ್ದರು. ಆಮೇಲೆ ಸದ್ದಿಲ್ಲದೆ ಲಟ್ಟಿಸುವುದನ್ನು ಕಲಿತೆ. ದಿನವಿಡೀ ಬಾಯಿ ಬಿಡುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೂ ಶಿವ ನನ್ನನ್ನು ಪೂರಾ ಕೈಬಿಟ್ಟಿರಲಿಲ್ಲ. ನಲ್ಲಿಯಲ್ಲಿ ಬಿಸಿನೀರು ಬರುತ್ತಿತ್ತು. ಊರಿಂದ ಒಯ್ದ ವಿಭೂತಿ ಗಟ್ಟಿ ಒಡೆದಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, "ಮಕ್ಕಳೆಷ್ಟವ್ವ?" ಎಂದು ನನಗೆ ತಿಳಿಯುವ ಮಾತಿನಲ್ಲಿ ಕೇಳುವವರು ಅಲ್ಲಿ ಯಾರೂ ಇರಲಿಲ್ಲ.

ಅದಕ್ಕೆ ಮೂರು ವರ್ಷ ಮೊದಲು ತಂಬ್ರಹಳ್ಳಿಯ ನಮ್ಮ ಅತ್ತೆಯ ಮನೆಯಲ್ಲಿ ನನಗೊಂದು ಹೆಣ್ಣುಕೂಸು ಹುಟ್ಟಿ, ಒಂಬತ್ತನೇ ದಿನಕ್ಕೆ ಹೋಯಿತು. ಹೆಸರಿಡದ ಕೂಸು ಹೋದರೆ ನಮ್ಮ ಮನೆತನದಲ್ಲಿ ಐನೋರನ್ನು ಕರೆಸುವುದಿಲ್ಲ, ವಿಭೂತಿ ಹಚ್ಚುವುದಿಲ್ಲ. ಗಂಡಸರೇ ಬಟ್ಟೆಯಲ್ಲಿ ಸುತ್ತಿ ಒಯ್ದು ಮಣ್ಣುಮಾಡಿ ಬರುತ್ತಾರೆ. ಎಲ್ಲಿ ಎಂದು ತಾಯಿಗೆ ಹೇಳುವುದಿಲ್ಲ. ಹೇಳಿದರೆ ಅಲ್ಲಿಗೆ ಹೋಗಿ ಅಳುತ್ತಾಳೆ, ಮುಂದಿನ ಬಸಿರು ನಿಲ್ಲುವುದಿಲ್ಲ ಅನ್ನುವುದು ಹಿರಿಯರ ನಂಬಿಕೆ. "ಅಳಬ್ಯಾಡವ್ವ, ನೀ ಅತ್ರ ಅದರ ದಾರಿ ಕೆಸರಾಕ್ಕೈತಿ" ಎಂದು ನಮ್ಮತ್ತೆ ತಲೆ ಸವರಿದ್ದರು. ಕೆಟ್ಟ ಮನಸ್ಸಿನಿಂದ ಅಂದ ಮಾತಲ್ಲ ಅದು. ನಾನು ಅಳಲಿಲ್ಲ. ಆದರೆ ನನ್ನ ಕೂಸು ಎಲ್ಲಿ ಮಲಗಿದೆ ಅನ್ನುವುದೊಂದು ತಿಳಿಯಬೇಕಿತ್ತು. ಒಮ್ಮೆ ಇವರನ್ನು ಕೇಳಿದೆ. ಅರ್ಧ ಉಂಡ ತಾಟು ಬಿಟ್ಟು ಎದ್ದುಹೋದರು. ಮತ್ತೆ ಕೇಳಲಿಲ್ಲ.

ಜಪಾನಿಗೆ ಹೋದ ಮೂರನೇ ತಿಂಗಳು, ಒಂದು ಭಾನುವಾರ, ಇವರ ಕಂಪನಿಯ ಜೊತೆಗಾರರ ಕೂಡ ಕ್ಯೋಟೊದ ಗುಡ್ಡದ ಮೇಲಿನ ಹಳೇ ಬುದ್ಧನ ಗುಡಿಗೆ ಹೊರಟೆವು.

"ಬುದ್ಧನ ಗುಡಿಗೆ ನಾ ಬಂದು ಏನ್ ಮಾಡ್ಲಿರಿ? ನನ್ನ ದೇವರು ನನ್ನ ಎದಿ ಮ್ಯಾಲೆ ಅದಾನ."

"ಬಾರಲೇ, ಅವನನ್ನೂ ಕರಕೊಂಡು ಬಾ. ಪಾಪ, ಅವನರ ಆ ಕೋಣೆ ಬಿಟ್ಟು ಏನ್ ನೋಡ್ಯಾನ?"

ನಗು ಬಂತು, ಹೋದೆ. ಎಷ್ಟೋ ನೂರು ವರ್ಷದ ಕಟ್ಟಿಗೆಯ ಗುಡಿ. ಕಂಬಗಳು ಹೊಗೆ ಕುಡಿದು ನಮ್ಮ ಅಡುಗೆಮನೆಯ ತೊಲೆಯಂತೆ ಕಪ್ಪಾಗಿದ್ದವು. ಕಾಲ್ಮರಿ ಹೊರಗೆ ಬಿಡಿಸಿದರು, ಅದೊಂದು ನಮ್ಮೂರಿನಂತೆಯೇ ಅನ್ನಿಸಿ ಜೀವಕ್ಕೆ ಹಾಯೆನಿಸಿತು. ಕಣ್ಣಿಗೊತ್ತಿಕೊಳ್ಳಲು ಮಂಗಳಾರತಿ ಇಲ್ಲ, ಕೈಗೆ ತೀರ್ಥವಿಲ್ಲ. ಬುದ್ಧನ ಕಣ್ಣುಗಳು ಮಾತ್ರ ಅಂಗೈ ಲಿಂಗ ನೋಡುತ್ತ ಕೂತವರ ಕಣ್ಣಿನಂತೆ ಅರ್ಧ ಮುಚ್ಚಿದ್ದವು. ಕೈಮುಗಿದೆ. ಇವರು ಜೊತೆಯವರ ಫೋಟೊ ತೆಗೆಯುತ್ತ ನಿಂತರು. ನಾನು ಗುಡಿಯ ಹಿಂದಕ್ಕೆ ನಡೆದೆ.

ಅಲ್ಲಿ ದಿಬ್ಬದ ಬುಡದಲ್ಲಿ ಮೊಳಕಾಲೆತ್ತರದ ಕಲ್ಲುಗಳು, ಸಾಲಿಗೆ ಸಾಲು. ಒಂದೊಂದಕ್ಕೂ ಗುಂಡನೆಯ ಕೂಸಿನ ಮುಖ, ತಲೆಗೆ ಕೆಂಪು ಕುಲಾಯಿ, ಕೊರಳಿಗೆ ಜೊಲ್ಲುಬಟ್ಟೆ. ಮುಂದೆ ಕಾಗದದ ಗಿರಗಿಟ್ಲೆ, ಹಾಲಿನ ಬಾಟ್ಲಿ. ಕಾಲ ಬಳಿ ಉರುಟು ಹರಳುಗಳ ಗುಪ್ಪೆ.

ಮಕ್ಕಳಾಗದವರು ಗಿಡಕ್ಕೆ ಬಟ್ಟೆಯ ತೊಟ್ಟಿಲು ಕಟ್ಟುವುದನ್ನು ನೋಡುತ್ತ ಬೆಳೆದವಳು ನಾನು. ಇದು ಸಂತಾನ ಕೊಡುವ ದೇವರು, ಫಲ ಸಿಕ್ಕವರು ಬಂದು ಹರಕೆ ತೀರಿಸಿದ್ದಾರೆ ಎಂದುಕೊಂಡೆ. ಒಂದು ಕಲ್ಲಿನ ಮುಂದೆ ಮೊಳಕಾಲೂರಿ ಸೆರಗೊಡ್ಡಿದೆ. "ಇಂಥಾದೊಂದು ನನಗೂ ಕೊಡಪ್ಪ" ಎಂದು ಬೇಡಿ, ಗುಪ್ಪೆಯಿಂದ ಒಂದು ಹರಳು ತೆಗೆದು ಪ್ರಸಾದವೆಂದು ಉಡಿಯಲ್ಲಿ ಕಟ್ಟಿಕೊಳ್ಳತೊಡಗಿದೆ.

ಎಲೆ ಗುಡಿಸುತ್ತಿದ್ದ ಮುದುಕಿಯೊಬ್ಬಳು ಕಸಬರಿಗೆ ಬಿಟ್ಟು ಬಂದು ನನ್ನ ಕೈ ಹಿಡಿದಳು.

"ತಪ್ಪಾತ್ರಿ ಯವ್ವ, ಗೊತ್ತಿದ್ದಿಲ್ಲ" ಎಂದು ಕನ್ನಡದಲ್ಲೇ ಅಂದೆ.

ಅವಳು ತಲೆಯಾಡಿಸಿದಳು. ತನ್ನ ಹೊಟ್ಟೆಯ ಮುಂದೆ ಕೈಯಿಂದ ಗುಂಡಗೆ ಬರೆದಳು. ತೋಳಲ್ಲಿ ಕೂಸು ತೂಗಿದಳು. ಆಮೇಲೆ ತೋಳು ಬಿಚ್ಚಿ, ಬರಿಗೈಯನ್ನು ನೆಲಕ್ಕೆ ಒತ್ತಿ ಕಣ್ಣು ಮುಚ್ಚಿದಳು. ಅಷ್ಟೂ ಸಾಲುಗಳ ಕಡೆಗೆ ಕೈ ತೋರಿಸಿದಳು.

ಹರಳನ್ನು ಉಡಿಯಿಂದ ಬಿಡಿಸಿ ಅವಳ ಮುಂದೆ ಹಿಡಿದೆ. ಹೋದ ಕೂಸುಗಳ ಮುಂದೆ ಸೆರಗೊಡ್ಡಿ, ಇಂಥಾದೇ ಕೊಡು ಎಂದು ಬೇಡಿದ್ದೆ!

ನನ್ನ ಮುಖ ನೋಡಿ ಅವಳಿಗೆ ಏನು ತಿಳಿಯಿತೋ. ಹರಳನ್ನು ನನ್ನ ಅಂಗೈಯಲ್ಲಿಟ್ಟು, ಬೆರಳು ಮಡಚಿ, ಗುಪ್ಪೆ ತೋರಿಸಿದಳು. ನೀನೇ ಇಡು, ಅನ್ನುವಂತೆ. ಇಟ್ಟೆ. ಚೀಲದಿಂದ ವಿಭೂತಿ ತೆಗೆದು ಅವಳ ಮುಖ ನೋಡಿದೆ. ಹೂಂ ಅಂದಳು. ಆ ಹರಳಿಗೆ ಮೂರು ಬೆರಳಿನಿಂದ ವಿಭೂತಿ ಎಳೆದೆ. ಅಷ್ಟೇ, ಮೂರು ವರ್ಷದ ಅಳು ಒಮ್ಮೆಗೇ ಬಂತು. ಅವಳು ಸುಮ್ಮನಿರು ಅನ್ನಲಿಲ್ಲ. ನನ್ನ ಸುತ್ತಲೇ ಮೆಲ್ಲಗೆ ಗುಡಿಸುತ್ತ ಇದ್ದಳು.

ಇವರು ಹುಡುಕಿಕೊಂಡು ಬಂದರು. "ಏನಾತು? ಯಾರರ ಏನರ ಅಂದ್ರೇನು?"

"ಇವೆಲ್ಲ ಹೋದ ಕೂಸುಗಳಂತ್ರಿ."

ಅವರು ಕ್ಯಾಮರಾ ಕೆಳಗಿಳಿಸಿದರು.

"ನಮ್ಮದನ್ನ ಎಲ್ಲಿ ಇಟ್ಟೀರಿ?"

"ಈಗ್ಯಾಕ ಆ ಮಾತು? ಅವ್ವ ಹೇಳಬ್ಯಾಡ ಅಂದಾಳ."

"ನಾ ಓಡಿಹೋಗಿ ಅಳತೀನಂತಲ್ಲ ಹೇಳಬಾರದು ಅಂದಿದ್ದು? ಇಲ್ಲಿಂದ ಹೆಂಗ ಓಡ್ಲಿ? ನಡುವ ಸಮುದ್ರ ಐತಿ. ಹೇಳ್ರಿ."

ಕ್ಯಾಮರಾ ಹೆಗಲಿಗೆ ಹಾಕಿಕೊಂಡರು. ಆಮೇಲೆ ಕಲ್ಲುಗಳ ಕಡೆ ನೋಡುತ್ತ ಹೇಳಿದರು. "ಕೆರಿ ಹೊಲದ ಬದುವಿನ್ಯಾಗ. ಬನ್ನಿಗಿಡದ ಬುಡಕ. ನನ್ನ ಹೊಸ ಪಂಜಿ ಸುತ್ತಿದ್ದೆ. ನಾಯಿ ಕೆದರಬಾರದಂತ ಮ್ಯಾಲೆ ಚಪ್ಪಡಿ ಎಳದೀವಿ. ಬಿತ್ತುವಾಗ ಅಣ್ಣ ಅಲ್ಲಿ ಕೂರಿಗಿ ಎತ್ತಿ ದಾಟಸ್ತಾನ, ನೋಡಿಲ್ಲೇನು?"

ನೋಡಿದ್ದೆ. ಬದುವಿನ ಹತ್ತಿರ ಬಂದಾಗ ಭಾವ ಕೂರಿಗೆ ಎತ್ತುವುದನ್ನು ಕೂಸು ಹೋದಮೇಲಿನ ಎರಡು ಬಿತ್ತಿಗೆಯಲ್ಲೂ ನೋಡಿದ್ದೆ, ಕಲ್ಲು ತಾಗೀತೆಂದು ಎತ್ತುತ್ತಾರೆ ಎಂದುಕೊಂಡಿದ್ದೆ. ಹೊಲಕ್ಕೆ ಬುತ್ತಿ ಒಯ್ದಾಗಲೆಲ್ಲ, ಬೇರೆಲ್ಲೂ ನೆರಳಿಲ್ಲವೆಂದು, ನಾನು ಕೂತು ಉಣ್ಣುತ್ತಿದ್ದುದು ಆ ಚಪ್ಪಡಿಯ ಮೇಲೆಯೇ.